ಗೇಟಜ್ಜಿಯ ನೋಟ್‌ಬುಕ್ಕೂ ದೊಡ್ಡ ಮೇಡಮ್ಮಿನ ಡಾಕ್ಟರೇಟೂ

ದೊಡ್ಡ ಮೇಡಂ ಮೊದಲ ಸಲ ಆ ಶಾಲೆಯ ಗೇಟಿಗೆ ಬಂದಾಗ ಒಂಬತ್ತಕ್ಕೆ ಇನ್ನೂ ಹತ್ತು ನಿಮಿಷವಿತ್ತು. ಆಗಿನ್ನೂ ಅವರು ದೊಡ್ಡ ಮೇಡಂ ಆಗಿರಲಿಲ್ಲ. ಗೇಟು ಕಾಯುವವಳು ಅವರನ್ನು ಯಾವುದೋ ಮಗುವಿನ ತಾಯಿ ಎಂದುಕೊಂಡು, "ಪೋಷಕರು ಆ ಬೆಂಚಲ್ಲಿ ಕೂತ್ಕೊಳ್ಳಿ" ಎಂದಳು. ಅವರು ಕೂತರು. ಗಂಟೆ ಹೊಡೆದ ಮೇಲೆ ಮೆಲ್ಲಗೆ, "ನಾನು ಹೊಸ ಟೀಚರ್ರು. ಇನ್ನೂ ಕೂತಿರ್ಲಾ, ಅಜ್ಜಿ?" ಎಂದರು.

ಆಗ ಇಬ್ಬರಿಗೂ ಮೂವತ್ತೆಂಟು. ಗೇಟು ಕಾಯುವವಳಿಗೆ ಗಂಡ ತೀರಿಕೊಂಡ ವರ್ಷವೇ ತಲೆಯೆಲ್ಲ ನೆರೆತದ್ದರಿಂದ ಮಕ್ಕಳು ಅವಳನ್ನು ಗೇಟಜ್ಜಿ ಎನ್ನುತ್ತಿದ್ದರು. ಮಕ್ಕಳು ಅಂದರೆ ಸಿಟ್ಟಿಲ್ಲ. ಓರಗೆಯವರು ಅಂದದ್ದು ಮಾತ್ರ ಮುಳ್ಳು ಮುರಿದ ಹಾಗೆ ಒಳಗೇ ಉಳಿಯಿತು.

ಗೇಟಜ್ಜಿ ಓದಿದ್ದು ಎರಡನೇ ತರಗತಿ. ಅವಳು ಬಸ್ಸಿನ ಬೋರ್ಡಿನ ಅಕ್ಷರ ಕೂಡಿಸುವಷ್ಟರಲ್ಲಿ ಬಸ್ಸು ತಿರುವು ದಾಟಿರುತ್ತಿತ್ತು. ಆದರೂ ತಡವಾಗಿ ಬಂದ ಮಕ್ಕಳ ಲೆಕ್ಕವನ್ನು ಒಂದು ನೋಟ್‌ಬುಕ್ಕಿನಲ್ಲಿ ಇಟ್ಟಿದ್ದಳು, ದಿನಕ್ಕೊಂದು ಸಾಲು. ತಮ್ಮನನ್ನೋ ತಂಗಿಯನ್ನೋ ನೋಡಿಕೊಂಡು ತಡವಾದವರಿಗೆ ತೊಟ್ಟಿಲಿನ ಚಿತ್ರ, ನೀರು ಹಿಡಿದು ಬಂದವರಿಗೆ ಕೊಡ, ಬಸ್ಸು ತಪ್ಪಿದವರಿಗೆ ಚಕ್ರ, ಸುಮ್ಮನೆ ಮಲಗಿದವರಿಗೆ ದಿಂಬು. ಕಾರಣವನ್ನು ಅವಳು ಎದುರು ನಿಲ್ಲಿಸಿ ಕೇಳುತ್ತಿರಲಿಲ್ಲ. ಕುಕ್ಕರಗಾಲಲ್ಲಿ ಕೂತು ಶೂ ಲೇಸು ಕಟ್ಟುತ್ತಾ ಕೇಳುತ್ತಿದ್ದಳು. ತಮ್ಮ ಲೇಸು ಕಟ್ಟುವವಳ ನೆತ್ತಿ ನೋಡಿಕೊಂಡು ಮಕ್ಕಳಿಗೆ ಸುಳ್ಳು ಬರುತ್ತಿರಲಿಲ್ಲ.

ಹೊಸ ಟೀಚರ್ರು ಹನ್ನೊಂದು ವರ್ಷಕ್ಕೆ ಮುಖ್ಯೋಪಾಧ್ಯಾಯಿನಿಯಾದರು. ಮರುವರ್ಷ ಜವಾನ ಸುದ್ದಿ ತಂದ. "ಮೇಡಂ ಡಾಕ್ಟರ್ ಆಗ್ತಾರಂತೆ."

"ಈ ವಯಸ್ಸಲ್ಲಿ ಸೂಜಿ ಚುಚ್ಚೋಕೆ ಕಲೀತಾರಾ?"

"ಆ ಡಾಕ್ಟರಲ್ಲ ಅಜ್ಜಿ, ಓದಿನ ಡಾಕ್ಟರು. ಮೊದಲಾದ್ರೆ ಮೂರು ವರ್ಷ ರಜ ಹಾಕಿ ಲೈಬ್ರರೀಲಿ ಕೂರ್ಬೇಕಿತ್ತು. ಹಾಗೆ ಹೋದೋರು ಶಾಲೆ ಕಡೆ ತಿರುಗೀನೂ ನೋಡ್ತಿರ್ಲಿಲ್ಲ. ಈಗ ಕೆಲಸದಲ್ಲಿರೋರಿಗೇ ಅಂತ ಹೊಸ ನಮೂನೆ ಬಂದಿದೆ."

ಗೇಟಜ್ಜಿ ಗೇಟಿನ ಚಿಲಕವನ್ನು ಜೋರಾಗಿ ಜಡಿದಳು. ಅದೇ ವಯಸ್ಸು, ಅದೇ ಗೇಟು, ಅದೇ ಗಂಟೆ. ಒಬ್ಬರು ಒಳಗೆ ಹೋಗಿ ಡಾಕ್ಟರು, ಒಬ್ಬಳು ಹೊರಗೆ ಕೂತು ಅಜ್ಜಿ. ಸೋಮವಾರ ಗುರುವಾರ ಮೇಡಂ ಬೆಳಗಿನ ಪಾಠ ಕೇಳಿಕೊಂಡು ಶಾಲೆಗೆ ತಡವಾಗಿ ಬರತೊಡಗಿದರು. ಗೇಟಜ್ಜಿ ಪೆನ್ಸಿಲು ಚೂಪು ಮಾಡಿ ಒಂದು ಹೊಸ ಗುರುತು ಹಾಕಿದಳು. ಕನ್ನಡಕ.

ಎರಡು ವರ್ಷ ಮೇಡಂ ಪುಸ್ತಕ ನೋಡಿ ಪುಸ್ತಕ ಬರೆದರು. ಅಷ್ಟರಲ್ಲಿ ವಿಶ್ವವಿದ್ಯಾಲಯ ನಿಯಮ ಬದಲಿಸಿತು. ದಪ್ಪ ಪುಸ್ತಕ ಬೇಡ, ನಿಮ್ಮ ಶಾಲೆಯದೇ ಒಂದು ತೊಂದರೆ ಹಿಡಿಯಿರಿ, ಅದನ್ನು ಕಡಿಮೆ ಮಾಡಿ ತೋರಿಸಿ ಎಂದಿತು. ಮೇಡಂ ಹಿಡಿದದ್ದು ಮಕ್ಕಳು ತಡವಾಗಿ ಬರುವ ತೊಂದರೆಯನ್ನು. ಅಚ್ಚು ಹಾಕಿಸಿದ ಪ್ರಶ್ನೆ ಹಾಳೆ ಹಂಚಿದರು. ಮಕ್ಕಳು ಪಕ್ಕದವರದ್ದು ನೋಡಿಕೊಂಡು ಎಲ್ಲರೂ ಒಂದಕ್ಕೇ ಗುರುತು ಹಾಕಿದರು: ನಿದ್ದೆ.

"ಮೇಡಂ ಓದು ನೋಡ್ಕೊಳ್ಳೋ ಗೈಡು ಹಾಳೆಗಳನ್ನ ವಾಪಸ್ ಕಳಿಸಿದಾರೆ," ಎಂದ ಜವಾನ. "ನಿಮ್ಮ ಮಕ್ಕಳಿಗೆಲ್ಲ ನಿದ್ದೆ ಕಾಯಿಲೆನಾ ಅಂತ ಕೇಳಿದ್ರಂತೆ."

ಆ ದಿನ ಗೇಟಜ್ಜಿಗೆ ಚಹಾ ಬಹಳ ರುಚಿಯಾಗಿತ್ತು.

ಮರುದಿನ ಮೇಡಂ ತಾವೇ ಬೆಂಚಿಗೆ ಬಂದು ಕೂತರು. "ಅಜ್ಜಿ, ನಿಮ್ಮ ಹತ್ರ ಏನೋ ಪುಸ್ತಕ ಇದೆಯಂತೆ."

"ಇತ್ತು. ಇಲಿ ಕಡೀತು."

ಕೊಟ್ಟರೆ ಇವರನ್ನು ತಾನೇ ಕೈಹಿಡಿದು ಡಾಕ್ಟರು ಮಾಡಿದ ಹಾಗೆ. ಅದರ ಮೇಲೆ ಆ ಕನ್ನಡಕಗಳನ್ನು ಕಂಡರೆ ಕೆಲಸವೇ ಹೋದೀತು. ಮೂರು ದಿನ ಅವಳು ಪುಸ್ತಕವನ್ನು ಸೆರಗಿನಡಿಯಲ್ಲಿಟ್ಟುಕೊಂಡೇ ಕೂತಳು. ಆದರೆ ಒಂದು ಮಾತು ಅವಳಿಗೆ ನುಂಗಲಾಗಲಿಲ್ಲ. ಕೊಡದಿದ್ದರೆ ಅಷ್ಟೂ ತೊಟ್ಟಿಲು, ಅಷ್ಟೂ ಕೊಡ ದಿಂಬಾಗಿ ಅಚ್ಚಾಗುತ್ತವೆ. ಇಷ್ಟು ವರ್ಷ ಬಿಡದೆ ಇಟ್ಟ ಲೆಕ್ಕ ಸುಳ್ಳಾಗುತ್ತದೆ. ನಾಲ್ಕನೇ ದಿನ ಹೋಗಿ ಮೇಜಿನ ಮೇಲೆ ಇಟ್ಟಳು.

ಮೇಡಂ ಒಂದೊಂದೇ ಹಾಳೆ ತಿರುಗಿಸಿದರು. "ಈ ಕನ್ನಡಕ ಯಾರು?"

"ನೀವು."

"ಎಷ್ಟು ಸಲ?"

"ನೂರಾ ಹನ್ನೆರಡು. ಹೊಟ್ಟೆಕಿಚ್ಚಿಗೇ ಬರ್ದಿದ್ದು. ನಿಮಗೂ ನನಗೂ ಒಂದೇ ವಯಸ್ಸು, ನೀವು ಅಜ್ಜಿ ಅಂತೀರಿ. ಲೆಕ್ಕ ಮಾತ್ರ ಸುಳ್ಳಲ್ಲ."

ಮೇಡಂ ಹಾಳೆಗಳನ್ನು ಹಿಂದಕ್ಕೆ ತಿರುಗಿಸಿದರು. ಬೆರಳಿಟ್ಟು ಎಣಿಸುತ್ತಿದ್ದರು. "ಕನ್ನಡಕ ಇರೋ ದಿನ ದಿಂಬೂ ಜಾಸ್ತಿ ಇದಾವಲ್ಲ, ಅಕ್ಕ" ಎಂದರು ಕೊನೆಗೆ.

ಅವರು ಅದನ್ನೂ ಬರೆದರು, ಮುಚ್ಚಿಡಲಿಲ್ಲ. ಬೆಳಗಿನ ಪಾಠವನ್ನು ಸಂಜೆಗೆ ಹಾಕಿಸಿಕೊಂಡರು. ಹಳೆಯ ಉಗ್ರಾಣ ತೆರವು ಮಾಡಿಸಿ, ಚಿಕ್ಕ ತಮ್ಮ ತಂಗಿಯರನ್ನು ಕರೆತಂದು ಬಿಡಲು ಜಾಗ ಮಾಡಿದರು. ವರ್ಷ ಕಳೆಯುವುದರೊಳಗೆ ತೊಟ್ಟಿಲು ಅರ್ಧಕ್ಕಿಳಿಯಿತು. ಪರೀಕ್ಷೆ ಮಾಡಲು ಬಂದವರು ಹೆಚ್ಚು ಹೊತ್ತು ನಿಂತದ್ದು ಕನ್ನಡಕದ ಪುಟದಲ್ಲೇ ಅಂತೆ.

ಬಾಗಿಲಿನ ಫಲಕಕ್ಕೆ 'ಡಾ.' ಸೇರಿತು. ದಿನಾ ಅದನ್ನು ಒರೆಸುವವಳು ಗೇಟಜ್ಜಿಯೇ. ಆ ಒಂದಕ್ಷರದ ಮೇಲೆ ಬಟ್ಟೆ ಬಂದಾಗ ಈಗಲೂ ಒಳಗೆ ಚುರ್ರೆನ್ನುತ್ತಿತ್ತು.

ಐದು ವರ್ಷದ ಮೇಲೆ ಮೇಡಂಗೆ ಶಿಕ್ಷಕರ ತರಬೇತಿ ಕಾಲೇಜಿಗೆ ವರ್ಗವಾಯಿತು. ಹೋಗುವ ದಿನ ಆಟೋ ಕಾಯಿಸಿ, ಬೆಂಚಿನಲ್ಲಿ ಅವಳ ಪಕ್ಕ ಕೂತರು.

"ನನ್ನ ಜಾಗಕ್ಕೆ ಬರೋರೂ ಡಾಕ್ಟರೇಟ್‌ಗೆ ಸೇರಿದಾರಂತೆ, ಅಕ್ಕ. ಅವರನ್ನ ಕಂಡ್ರೂ ಹೀಗೇ ಹೊಟ್ಟೆಕಿಚ್ಚು ಪಡ್ತೀರಾ, ಇಲ್ಲಾ ಅದು ನನಗೊಬ್ಬಳಿಗೇನಾ?"