ಅಮ್ಮ ತಟ್ಟೆ ಇಡದ ದಿನ

ಮೂಗೂರಿನ ನಮ್ಮ ಮನೆಯ ನಡುಮನೆಯಲ್ಲಿ ಆವತ್ತು ಇದ್ದದ್ದು ಐದು ಜನ. ಕಂಬಕ್ಕೆ ಒರಗಿ ಕೂತ ಅಜ್ಜಿ, ಅಜ್ಜಿಯ ಸೊಸೆಯಾದ ನಮ್ಮಮ್ಮ, ಗದ್ದೆಯಿಂದ ಬಂದು ಕಾಲೂ ತೊಳೆಯದೆ ನಿಂತಿದ್ದ ಚಿಕ್ಕಪ್ಪ, ನಾನು, ಮತ್ತೆ ತೂಕದ ಮಿಷನ್ನು ಹಿಡಿದು ಬಂದಿದ್ದ ನರ್ಸಮ್ಮ. ಒಂದು ವರ್ಷದಿಂದ ಅಜ್ಜಿ ಇಳಿದೇ ಹೋಗಿದ್ದಳು. ನಾಲ್ಕು ಹೆಜ್ಜೆ ಇಡಬೇಕಾದರೂ ಇಬ್ಬರು ತೋಳು ಹಿಡಿಯಬೇಕು. ಮಿಷನ್ನು ಮೂವತ್ತನಾಲ್ಕು ಕೇಜಿ ತೋರಿಸಿತು.

"ಈಗ್ಲೂ ತಿನ್ನಿಸದೆ ಹೋದ್ರೆ ಹಾಸಿಗೆ ಹಿಡೀತಾರೆ ಕಣಮ್ಮ, ಆಮೇಲೆ ಏಳ್ಸೋದು ಕಷ್ಟ," ಅಂತ ನರ್ಸಮ್ಮ ಅಮ್ಮನಿಗೆ ಮೆಲ್ಲಗೆ ಹೇಳಿದರು. "ದಿನಕ್ಕೆ ಐದಾರು ಸಲ, ಸ್ವಲ್ಪ ಸ್ವಲ್ಪ. ಬೇಳೆ, ಹಾಲು, ತುಪ್ಪ. ತಿಂದ್ರೆ ಒಂದು ಮೊಟ್ಟೆ..."

"ಲಿಂಗ ಕಟ್ಟಿದ ಮನೇಲಿ ಇನ್ನೊಂದ್ಸಲ ಮೊಟ್ಟೆ ಅಂದ್ಯೋ, ನಿನ್ನ ಮಿಷನ್ಗೆ ವಿಭೂತಿ ಬಳ್ದು ಕಳುಸ್ತೀನಿ," ಅಂದಳು ಅಜ್ಜಿ. ಮೈ ಇಳಿದಿತ್ತು, ಕಿವಿ ಇಳಿದಿರಲಿಲ್ಲ.

ಆಮೇಲೆ ನಾವು ಮಾಡಿದ್ದು ಅಕ್ಕರೆಯ ತಪ್ಪು. ಚಿಕ್ಕಪ್ಪ ಅಜ್ಜಿಯ ತಟ್ಟೆಗೆ ಎರಡು ಸೌಟು ಅನ್ನ ಹೆಚ್ಚಿಗೆ ಹಾಕಿಸಿದ. ಅಜ್ಜಿ ಕಷ್ಟಪಟ್ಟು ಅಷ್ಟನ್ನೂ ನುಂಗಿ, ತಟ್ಟೆಗೆ ನೀರು ಹಾಕಿ ಬೆರಳಲ್ಲಿ ತೊಳೆದು ಆ ನೀರನ್ನೂ ಕುಡಿದು, ಅರ್ಧ ಗಂಟೆಯಲ್ಲಿ ಎಲ್ಲ ಕಕ್ಕಿದಳು. ಮಾರನೆಯ ದಿನ ಹಾಕಿಸಿಕೊಂಡದ್ದು ಒಂದೇ ಸೌಟು. ಅದರ ಮಾರನೆಯ ದಿನ ಅರ್ಧ.

"ಅವ್ವ, ಆಕಿಸ್ಕೊ, ಸೇರದಿದ್ರೆ ತಟ್ಟೇಲೆ ಬುಟ್ಟುಬುಡು. ನಿನ್ನ ಕೇಳೋರ್ಯಾರು?" ಚಿಕ್ಕಪ್ಪ ರೇಗಿದ.

"ಬುಡೋದಾ? ಲಿಂಗಕ್ಕೆ ತೋರ್ಸಿ ತಟ್ಟೇಗೆ ಆಕಿಸ್ಕಂಡದ್ದು ಪ್ರಸಾದ ಕಣ್ಲಾ. ಈ ಮನೆಗೆ ಕಾಲಿಟ್ಟಾಗಿಂದ ಒಂದು ಅಗುಳು ಬುಟ್ಟೋಳಲ್ಲ. ಈಗ ಓಗೋ ಕಾಲ್ದಲ್ಲಿ ಬುಡ್ಲಾ?"

ನಾವೆಲ್ಲ ನೂರು ಸಲ ಕೇಳಿದ್ದ ಮಾತು. ಅಮ್ಮ ಮಾತ್ರ ಸೌಟು ಹಿಡಿದು ಹಾಗೇ ನಿಂತುಬಿಟ್ಟಳು. ಆಮೇಲೆ ಅಡುಗೆಮನೆಯಲ್ಲಿ ನನಗೆ ಹೇಳಿದಳು, "ಅತ್ತೆಗೆ ಹಸಿವು ಸತ್ತಿಲ್ಲ ಕಣೋ. ಎಲ್ಲಿ ಉಳ್ದುಬಿಡ್ತದೋ ಅಂತ ಭಯ. ತಟ್ಟೆ ಕಂಡ್ರೆ ಹೆದರ್ತಾರೆ."

ಮಾರನೆಯ ದಿನ ಅಜ್ಜಿ ಲಿಂಗಪೂಜೆ ಮುಗಿಸಿ ಕಣ್ಣು ಬಿಟ್ಟರೆ ಎದುರಿಗೆ ತಟ್ಟೆಯಿಲ್ಲ. ಹೆಸರುಬೇಳೆ ಅನ್ನ ಮೆತ್ತಗೆ ಬೇಯಿಸಿ, ತುಪ್ಪ ಬಿಟ್ಟು ದೊಡ್ಡ ಬೇಸನ್ನಿನಲ್ಲಿ ಎಲ್ಲರಿಗೂ ಒಟ್ಟಿಗೆ ಕಲಸಿಕೊಂಡು ಅಮ್ಮ ಕೂತಿದ್ದಾಳೆ. ಸುತ್ತ ನಾವು.

"ತಟ್ಟೆ ಎಲ್ಲೆ?"

"ಇವತ್ತು ಕೈತುತ್ತು, ಅತ್ತೆ. ಕೈ ಒಡ್ಡಿ."

"ನಾನೇನು ಕೂಸಾ?"

"ನಿಮ್ಮ ಕೂಸು ಆಗ್ಲೇ ಒಡ್ಕಂಡು ಕೂತದೆ, ನೋಡಿ."

ಐವತ್ತೆಂಟರ ಚಿಕ್ಕಪ್ಪ ಅಂಗೈ ಚಾಚಿ, "ಅತ್ತಿಗೆ, ನನ್ನ ತುತ್ತು ಸಣ್ಣದಾಯ್ತು," ಅಂದ. "ಇವನಿಗೆ ಮೊದ್ಲಿಂದ್ಲೂವೆ ಅದೇ ಬುದ್ಧಿ," ಅಂತ ಅಜ್ಜಿ ನಕ್ಕು, ತಾನೂ ಕೈ ಒಡ್ಡಿದಳು.

ನೆಲ್ಲಿಕಾಯಿ ಗಾತ್ರದ ತುತ್ತು. ಅಂಗೈಯಲ್ಲಿದ್ದದ್ದಷ್ಟೇ ಅಜ್ಜಿಯದು, ಬೇಸನ್ನಿನಲ್ಲಿದ್ದದ್ದು ಊರಿನದು. ಉಳಿದರೆ ಅವಳ ಮೇಲೆ ಪಾಪವಿಲ್ಲ. ಸುತ್ತು ಬಂದಾಗಲೆಲ್ಲ ಆ ಸುಕ್ಕಿನ ಕೈ ತಾನಾಗಿಯೇ ಅರಳುತ್ತಿತ್ತು. ನಾನು ನನ್ನ ತುತ್ತು ಮರೆತು ಅದನ್ನೇ ನೋಡುತ್ತಾ ಕೂತೆ. ನಾವು ಅಜ್ಜಿಯ ಹಲ್ಲು, ನಾಲಗೆ, ಹೊಟ್ಟೆಯಲ್ಲಿ ಕಾಯಿಲೆ ಹುಡುಕುತ್ತಿದ್ದೆವು. ಏಳನೇ ಕ್ಲಾಸು ಓದಿದ ಅಮ್ಮ ಅಜ್ಜಿಯ ನೇಮಕ್ಕೆ ಒಂದು ಗೀರೂ ಬೀಳದಂತೆ ಅವಳ ಹೊಟ್ಟೆ ತುಂಬಿಸುತ್ತಿದ್ದಳು. ಇಂಥ ಬುದ್ಧಿ ಯಾವ ಸ್ಕೂಲಿನಲ್ಲಿ ಸಿಗುತ್ತೆ? ಕೊನೆಗೆ ಅಜ್ಜಿ ಬೊಗಸೆಗೆ ನೀರು ಹಾಕಿಸಿಕೊಂಡು, ಅದನ್ನೇ ಕುಡಿದು, "ಸಾಕು," ಅಂದಳು.

ಅಂದಿನಿಂದ ಸಂಜೆ ನಾಲ್ಕಕ್ಕೆ ಹಾಲಲ್ಲಿ ನೆನೆಸಿದ ಅವಲಕ್ಕಿ, ಮಧ್ಯೆ ಮಧ್ಯೆ ಹುರಿಗಡಲೆ ಉಂಡೆಯ ಚೂರು, ಎಲ್ಲ ಅಂಗೈಗೇ.

ಹೀಗೇ ಕೆಲವು ತಿಂಗಳು ನಡೆದು, ಯುಗಾದಿ ಕಳೆದು ಎರಡು ವಾರಕ್ಕೆ ಒಂದು ಬೆಳಿಗ್ಗೆ ಅಜ್ಜಿ ಹಾಸಿಗೆಯಲ್ಲಿ ಕಾಣಲಿಲ್ಲ. ಅಮ್ಮ ಗಾಬರಿಯಿಂದ ಹೊರಗೆ ಓಡಿದಳು. ಅಜ್ಜಿ ಒಬ್ಬಳೇ ಗೋಡೆ ಹಿಡಿದು ಜಗಲಿಗೆ ಹೋಗಿ, ಸೊಪ್ಪಿನವಳ ಬುಟ್ಟಿ ಇಳಿಸಿಕೊಂಡು, ಕೀರೆಸೊಪ್ಪು ಆರಿಸುತ್ತಾ ಕೂತಿದ್ದಳು.