ಮೀರಾಸಾಬ್ ಕಾಕಾನ ಬಟ್ಟೆ ತಪಾಸಣೆ

ಮೀರಾಸಾಬ್ ಕಾಕಾ ಕೆಲಸಕ್ಕೆ ಕೂಡುವ ಮುಂಚೆ ತಮ್ಮ ಗಡ್ಡವನ್ನು ಚೀಲಕ್ಕೆ ಹಾಕುತ್ತಿದ್ದರು. ಎದೆಯ ತನಕ ಇಳಿದ ಬಿಳಿ ಗಡ್ಡವನ್ನು ಎರಡು ಸಲ ಮಡಚಿ, ಮಾಂಜರಪಾಟು ಬಟ್ಟೆಯ ಪುಟ್ಟ ಚೀಲದಲ್ಲಿ ತುಂಬಿ, ಅದರ ದಾರವನ್ನು ಕಿವಿಯ ಹಿಂದಿನಿಂದ ತಂದು ನೆತ್ತಿಯ ಮೇಲೆ ಗಂಟು ಹಾಕುವರು. ಮೊದಲ ದಿನ ಅದನ್ನು ನೋಡಿದ ನಾನು ಭಾಳ ಕಾಳಜಿಯಿಂದ ಕೇಳಿದೆ: "ಹಲ್ಲು ಯಾವಾಗಿಂದ ನೂಸಾಕತ್ತಾವ್ರಿ ಕಾಕಾ?"

"ನೀ ಹೊಸ್ತಿಲಾ ದಾಟಿದಾಗಿಂದ," ಎಂದರು.

ಗೋಕಾಕದ ಪೇಟೆಯ ಹಿಂದಿನ ಓಣಿಯಲ್ಲಿ ಅವರ ಕಾರಖಾನೆ. ಕಾರಖಾನೆ ಎಂದರೆ ಒಂದು ಖೋಲಿ, ಕಾಲಿನಿಂದ ತುಳಿದು ತಿರುಗಿಸುವ ಒಂದು ಚರಕ, ಗೋಡೆಗೆ ಸಾಲಾಗಿ ನಿಂತ ಉಳಿಗಳು. ಚರಕಕ್ಕೆ ಕಟ್ಟಿಗೆ ಸಿಕ್ಕಿಸಿ ಗಿರಗಿರ ತಿರುಗಿಸಿ, ಉಳಿ ತಾಗಿಸಿ ಲಟ್ಟಣಿಗೆ, ಬುಗುರಿ, ತೊಟ್ಟಿಲ ಕಾಲು ಮಾಡುತ್ತಿದ್ದರು. ನನಗೆ ಆಗ ಇಪ್ಪತ್ತೊಂದು. ಮೂಡಲಗಿಯಲ್ಲಿ ನಮ್ಮಪ್ಪನ ಕಾಳಿನ ಅಂಗಡಿ. ಅಲ್ಲಿ ನಾನು ಜೋಳದ ಚೀಲಕ್ಕೆ ಗೋಧಿ ಸುರಿದು, ಗೋಧಿಯ ಚೀಲದ ಮೇಲೆ ಎಣ್ಣೆ ಡಬ್ಬಿ ಬೀಳಿಸಿ ಹೆಸರು ಮಾಡಿದ್ದೆ. ಕಟ್ಟಿಗೆ ಕೆಲಸ ಕಲಿಯುತ್ತೇನೆಂದಾಗ ಅಪ್ಪ ಬೇಡ ಅನ್ನಲಿಲ್ಲ. ಕಟ್ಟಿಗೆ ಚೆಲ್ಲುವುದಿಲ್ಲವಲ್ಲ!

ಆದರೆ ಚರಕದ ಮುಂದೆ ಕೂಡಬೇಕಾದರೆ ಮೊದಲು ಕಾಕಾನ ತಪಾಸಣೆ ದಾಟಬೇಕು. ಬಾಗಿಲಲ್ಲಿ ನಿಲ್ಲಿಸಿ, ಸುತ್ತ ಒಂದು ಪ್ರದಕ್ಷಿಣೆ ಬಂದು, ಮೈಮೇಲೆ ಜೋಲುವುದನ್ನೆಲ್ಲ ಎರಡು ಬೆರಳಲ್ಲಿ ಹಿಡಿದು ಜಗ್ಗುವರು. "ತಿರಗೂ ಕಟ್ಟಗಿಗೆ ಕಣ್ಣಿಲ್ಲ ಬೇಟಾ, ಹಸಿವು ಮಾತ್ರ ಐತಿ," ಎನ್ನುವರು.

ಮೊದಲ ದಿನ ನಾನು ಜರಿ ಅಂಚಿನ ಧೋತರ ಉಟ್ಟು, ಹೆಗಲ ಮೇಲೆ ವಲ್ಲಿ ಹೊದ್ದು, ಮೈಗೆ ಬಾರಾಬಂದಿ ತೊಟ್ಟು ಹೋಗಿದ್ದೆ. ಬಾರಾಬಂದಿ ಅಂದರೆ ಗುಂಡಿಯ ಬದಲು ಹನ್ನೆರಡು ದಾರ ಕಟ್ಟುವ ಅಂಗಿ. ಕಾಕಾ ದಾರಗಳನ್ನು ಒಂದೊಂದಾಗಿ ಎಣಿಸಿದರು.

"ದಾರ ಹನ್ನೆಡ್ಡು. ಕೈ ಬಟ್ಟು ಹತ್ತು. ಚರಕ ಮೊದಲ ಯಾವ್ದು ತಿಂತೈತಿ, ನೀನ ಹೇಳು."

ಮರುದಿನ ಜಾಣನಾದೆ. ಯಾರದೋ ಹಳೆಯ ಕೋಟು ಸಂಪಾದಿಸಿ, ಕೊರಳ ತನಕ ಗುಂಡಿ ಹಾಕಿಕೊಂಡು ಹೋದೆ. ಒಂದು ದಾರವೂ ಇರಲಿಲ್ಲ. ಕಿಸೆ ಮಾತ್ರ ಐದು. ಮಧ್ಯಾಹ್ನದ ಹೊತ್ತಿಗೆ ಐದರಲ್ಲೂ ಕಟ್ಟಿಗೆಯ ಹೊಟ್ಟು ತುಂಬಿ ನಾನು ಗಾದಿಯಂತೆ ಉಬ್ಬಿದ್ದೆ. "ಏಳಬ್ಯಾಡ, ಹಂಗ ಅಡ್ಡಾಗು, ನಾ ನಿನ್ನ ಮ್ಯಾಲೆ ಮಲಕೋತೀನಿ," ಎಂದರು ಕಾಕಾ. ಅವರದೋ ಮೊಣಕಾಲಿನ ತನಕ ದಪ್ಪ ಖಾಕಿ ಚಡ್ಡಿ, ಮೈಗೆ ಅಂಟಿದ ತೋಳಿಲ್ಲದ ಬಂಡಿ ಅಂಗಿ. ಕಿಸೆ ಇಲ್ಲ, ದಾರ ಇಲ್ಲ.

ಹಾಗೂ ಹೀಗೂ ಚಡ್ಡಿ-ಬಂಡಿಗೆ ಬಂದೆ, ಚರಕದ ಮುಂದೆ ಕುಳಿತೆ. ಒಂದು ದಿನ ಲಟ್ಟಣಿಗೆಯ ನುಣುಪು ನೋಡಲು ತುಸು ಜಾಸ್ತಿಯೇ ಬಗ್ಗಿದೆ. ಕೊರಳಲ್ಲಿದ್ದ ಶಿವದಾರ ಜಾರಿ, ಲಿಂಗದ ಕರಡಿಗೆ ಬಂಡಿಯಿಂದ ಹೊರಬಿದ್ದು, ತಿರುಗುವ ಕಟ್ಟಿಗೆಯ ಮುಂದೆ ಜೋಲಿ ಹೊಡೆಯಿತು. ದಾರ ಸುತ್ತಿಕೊಳ್ಳಬೇಕು, ಅಷ್ಟರಲ್ಲಿ ಕಾಕಾ ತಿರುಗುವ ಕಟ್ಟಿಗೆಯನ್ನೇ ಬರಿಗೈಯಿಂದ ಒತ್ತಿ ಹಿಡಿದರು. ಚರಕ ನಿಂತಿತು. ಅವರ ಅಂಗೈಯ ತೊಗಲು ಸುಲಿದಿತ್ತು.

"ಅದಕ್ಕೊಂದು ದಾರಿ ಹುಡುಕೂತನ ಚರಕಕ್ಕ ಬಗ್ಗಬ್ಯಾಡ," ಎಂದರು. ಅಷ್ಟೇ ಅಂದದ್ದು.

ನಾನು ಮೂಡಲಗಿಗೆ ಹೋಗಿ ಅಪ್ಪನ ಮುಂದೆ ಈ ಕತೆಗೆ ಒಗ್ಗರಣೆ ಹಾಕಿದೆ: "ಲಿಂಗ ತಗದ ಬಾ ಅಂದ್ರಪಾ!"

ಅಪ್ಪ ಕೈಯಲ್ಲಿದ್ದ ತಕ್ಕಡಿ ಕೆಳಗಿಟ್ಟರು. "ಇನ್ನ ಆ ಕಾರಖಾನಿ ಕಟ್ಟಿ ಹತ್ತಿದ್ರ ಕಾಲ ಮುರೀತೀನಿ," ಎಂದರು. ಸುಳ್ಳು ಅಂತ ಒಪ್ಪಿಕೊಳ್ಳುವ ಧೈರ್ಯ ನನಗಾಗಲಿಲ್ಲ. ಮತ್ತೆ ಕಾಳಿನ ಚೀಲ ಹೊತ್ತೆ. ನನಗೆ ಬಂದ ಒಂದೇ ಕೆಲಸವನ್ನು ನಾನೇ ಬಾಯಿಂದ ಕಳೆದುಕೊಂಡಿದ್ದೆ. ಆ ಹಿರಿಯರ ಹೆಸರನ್ನೂ ಕೆಡಿಸಿದ್ದೆ.

ಎಂಟು ದಿನಕ್ಕೆ ಕಾಕಾ ಚಕ್ಕಡಿಯಲ್ಲಿ ಮೂಡಲಗಿಗೆ ಬಂದಿಳಿದರು, ಕೈಗೆ ಪಟ್ಟಿ ಕಟ್ಟಿಕೊಂಡು. ನಾನು ಜೋಳದ ಚೀಲಗಳ ಹಿಂದೆ ಅಡಗಿದೆ.

ಅಪ್ಪ ಕೂಡಿರಿ ಎನ್ನಲಿಲ್ಲ. "ಲಿಂಗ ತಗಿ ಅಂದ್ರಂತಲ್ರಿ?"

"ನಾ ಅಂದಿಲ್ರಿ ಸಾವ್ಕಾರ್ರ," ಎಂದರು ಕಾಕಾ. "ಗಡ್ಡ ಚರಕಕ್ಕ ಸಿಗತೈತಿ ಅಂತ ನಾ ಗಡ್ಡ ಬೋಳಿಸಿಲ್ರಿ, ಚೀಲಾ ಹೊಲಿಸೇನಿ. ಇವನ ದೇವರ್ನ ಯಾಕ ತಗಸಲಿ?"

ಇನ್ನು ಅಡಗಿರಲಾಗಲಿಲ್ಲ. ಧೂಳಿಗೆ ನಾಲ್ಕು ಸಲ ಸೀನಿ ಹೊರಬಂದೆ. "ನಾನ ಸುಳ್ಳ ಹೇಳಿದ್ನಪಾ."

"ಯಾಕಲೇ?"

"ಬರೇ ಬಗ್ಗಬ್ಯಾಡ ಅಂದ್ರು ಅಂದ್ರ ಕತಿಗೆ ಕಳೆ ಬರ್ತಿರಲಿಲ್ಲ."

ಅಪ್ಪನ ಕೈ ಮೇಲೆದ್ದಿತ್ತು. ಕಾಕಾ ನಡುವೆ ಬಂದು, "ಹೊಡಿಯೂದು ಆಮ್ಯಾಲ್ರಿ, ಮೊದಲ ಇದ್ದಲಿ ಕೊಡ್ರಿ," ಎಂದು ಒಂದು ಖಾಲಿ ಚೀಲದ ಮೇಲೆ ಇದ್ದಲಿಯಿಂದ ಬಂಡಿಯ ಚಿತ್ರ ಬರೆದರು. ತೋಳಿಲ್ಲ. ಗುಂಡಿ ಎದುರಿಗಿಲ್ಲ, ಕಂಕುಳ ಕೆಳಗೆ. ಎದೆಯ ಒಳಗೆ ಮುಚ್ಚಳದ ಕಿಸೆ, ಕರಡಿಗೆ ಕೂಡುವಷ್ಟು. ಕೊರಳ ಪಟ್ಟಿ ಎತ್ತರ, ದಾರ ಹೊರಬರದಂತೆ. "ದೇವರೂ ಒಳಗ, ದಾರಾನೂ ಒಳಗ. ಹೊರಗ ಬರೇ ಕೈ. ನಾ ಕರಡಿಗಿ ಮುಟ್ಟಿ ಅಳತಿ ತಗೋಳೂದಿಲ್ಲ, ಇವನ ತಾಯಾರು ಹೊಲೀಲಿ."

ಬಟ್ಟೆ ರೇಷನ್ನಿನಲ್ಲಿ ಸಿಗುತ್ತಿದ್ದ ಕಾಲ. ಅವ್ವ ತನ್ನ ಹಾಸಿಗೆಯ ಹೊದಿಕೆ ಹರಿದು ಹೊಲಿದಳು. ಅಪ್ಪ ಅದನ್ನು ನನಗೆ ತೊಡಿಸಿ, ಬಗ್ಗಿಸಿ, ಕುಣಿಸಿ, ಕಡೆಗೆ ಕಾಲು ಹಿಡಿದು ತಲೆಕೆಳಗೂ ಮಾಡಿ ನೋಡಿದರು. ದಾರದ ಎಳೆಯೂ ಹೊರಬರಲಿಲ್ಲ. "ಒಂದ್ ತಿಂಗಳ ನೋಡ್ತೀನಿ," ಎಂದರು. ಕಾಕಾಗೆ ಚಾಪೆ ಹಾಸಿದರು.

ಆ ತಿಂಗಳು ಮುಗಿದು ಆರು ವರ್ಷವಾಯಿತು. ಮೊಣಕಾಲು ಚರಕ ತುಳಿಯಲು ಬಾರದಾದಾಗ ಕಾಕಾ ಕಣಗಲಾ ಊರಿನಲ್ಲಿದ್ದ ಮಗಳ ಮನೆಗೆ ಹೋದರು. ಕಳೆದ ವರ್ಷ ಅಲ್ಲಿಗೆ ಹೋಗಿದ್ದೆ. ಹೊಸ್ತಿಲಲ್ಲೇ ನಿಲ್ಲಿಸಿ ಅಂಗಿಯ ತೋಳು ಜಗ್ಗಿ ನೋಡಿದರು.

"ನಿಮ್ಮಪ್ಪಗ ಇನ್ನೂ ಸಿಟ್ಟೈತೇನು?"

"ಒಂದ್ ಮಾತ ಹೇಳ್ತೀನಿ ಕಾಕಾ, ಅಪ್ಪಗ ಹೇಳಬ್ಯಾಡ್ರಿ. ಕಾಳ ತೂಗೂವಾಗ ಅವರ ಶಿವದಾರ ತಕ್ಕಡಿ ಸರಪಳಿಗೆ ಸಿಕ್ಕಿತ್ತು. ಈಗ ಅವರೂ ಅಂಥಾದ ಬಂಡಿ ಹೊಲಿಸ್ಯಾರ. ಯಾರಿಗೂ ಕಾಣಬಾರದಂತ ಅಂಗಿ ಒಳಗ ತೊಟ್ಟಾರ."

ಕಾಕಾ ಕೆಮ್ಮು ಬರುವ ತನಕ ನಕ್ಕರು. ನಾನು ಅವರನ್ನು ನೋಡಿದ್ದು ಅದೇ ಕಡೆಯ ಸಲ.

ಕಾಕಾ ತೀರಿಹೋದ ಸುದ್ದಿ ಬಂದ ದಿನ ಅಂಗಡಿ ಮುಚ್ಚಿ ಅಪ್ಪನೂ ಚಕ್ಕಡಿ ಏರಿದರು. ನೋಡಿದರೆ ಬಂಡಿಯನ್ನು ಅಂಗಿಯ ಮೇಲೆ ತೊಟ್ಟಿದ್ದಾರೆ. ಹುಕ್ಕೇರಿಯಲ್ಲಿ ಎತ್ತಿಗೆ ನೀರು ಕುಡಿಸುವಾಗ ಪರಿಚಯದ ವ್ಯಾಪಾರಿಯೊಬ್ಬ ನಕ್ಕು ಕೇಳಿದ: "ಇದೇನ್ರಿ ಸಾವ್ಕಾರ್ರ, ಹೊಸಾ ಫ್ಯಾಶನ್?"

"ಇದನ್ನ ಕಲಿಸಿದವರ ಮಣ್ಣಿಗೆ ಹೊಂಟೇನಿ," ಎಂದು ಅಪ್ಪ ಚಕ್ಕಡಿಯವನಿಗೆ ಎತ್ತು ಹೂಡಲು ಹೇಳಿದರು.