ಮೂರನೇ ಗೋಲು

ಗೋಲಣ್ಣನಿಗೆ ಹೆತ್ತವರು ಇಟ್ಟ ಹೆಸರು ಬೇರೆಯೇ ಇತ್ತು. ಅದನ್ನು ಮದುವೆಯ ದಿನ ಒಮ್ಮೆ ಕೇಳಿದ್ದೇ ಕೊನೆ ಎಂದು ಅವನ ಹೆಂಡತಿ ನಗುತ್ತಿದ್ದಳು.

ಮೊದಲು ಅವನು ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು ಬಸ್ಸುಗಳ ಹೆಸರು ಕೂಗುತ್ತಿದ್ದ. ಕೆಟ್ಟು ನಿಂತ ಬಸ್ಸಿಗೂ ಜನ ಓಡಿಬರುವ ಹಾಗೆ ಕೂಗುತ್ತಿದ್ದ. ಆಟದ ಸಾಮಾನು ಮಾರುವ ಸಾಹುಕಾರನೊಬ್ಬ ಒಂದು ದಿನ ಅವನ ದನಿ ಕೇಳುತ್ತಾ ನಿಂತು ತನ್ನ ಬಸ್ಸನ್ನೇ ತಪ್ಪಿಸಿಕೊಂಡ. ಸಿಟ್ಟಾಗುವ ಬದಲು ಮೈಕಿನ ಕೋಣೆಗೇ ಹೋಗಿ, "ಇಂಥ ಗಂಟಲು ಇಟ್ಕೊಂಡು ಇಲ್ಲಿ ಹೊಗೆ ಕುಡೀತಾ ಕೂತಿದ್ದೀಯಲ್ಲೋ, ನನ್ ಜೊತೆ ಬಾ" ಎಂದ.

ಸಾಹುಕಾರನಿಗೆ ಆಟದ ಹುಚ್ಚು. ಅಂಗಡಿಯ ಮೇಲಿನ ಕೋಣೆಯಲ್ಲಿ ಒಂದು ಪುಟ್ಟ ರೇಡಿಯೋ ಸ್ಟೇಷನ್ ತೆರೆದಿದ್ದ. ಆಟದ ಸುದ್ದಿ ಬಿಟ್ಟರೆ ಬೇರೇನೂ ಇಲ್ಲ. ಬೀದಿಯ ಸದ್ದು ಒಳಗೆ ಬಾರದಿರಲೆಂದು ಗೋಡೆಗಳಿಗೆ ಹಳೆಯ ಹಾಸಿಗೆಗಳನ್ನು ಮೊಳೆ ಹೊಡೆದು ನಿಲ್ಲಿಸಿದ್ದರು. ಮಾಳಿಗೆಯ ಮೇಲೊಂದು ಕಬ್ಬಿಣದ ಕಂಬ. ಅದರ ಮೇಲ್ವಿಚಾರಣೆಗೆ ಒಬ್ಬ ಮೆಕ್ಯಾನಿಕ್. ಅವನನ್ನು ಎಲ್ಲರೂ ತಂತಿ ಎನ್ನುತ್ತಿದ್ದರು, ಆಳೂ ಹಾಗೇ ಇದ್ದ. ಊರಿನ ಫುಟ್‌ಬಾಲ್ ತಂಡ ಎಲ್ಲಿ ಆಡಿದರೂ ಗೋಲಣ್ಣ ಅಲ್ಲಿರುತ್ತಿದ್ದ. ಅವನು 'ಗೋಲ್' ಎಂದು ಎಳೆಯಲು ಶುರುಮಾಡಿದರೆ ಕ್ಷೌರದಂಗಡಿಯವನು ಕತ್ತಿಯನ್ನು ಮೇಲೆತ್ತಿ ನಿಂತುಬಿಡುತ್ತಿದ್ದ. ಇಲ್ಲದಿದ್ದರೆ ಗಿರಾಕಿಯ ಕಿವಿಗೆ ಗ್ಯಾರಂಟಿ ಇರಲಿಲ್ಲ.

ಹೆಂಡತಿ ಮನೆಯಲ್ಲಿ ಶಾಲೆಯ ಸಮವಸ್ತ್ರ ಹೊಲಿಯುತ್ತಿದ್ದಳು. ರೇಡಿಯೋ ಹೊಲಿಗೆ ಮೆಷಿನ್ನಿನ ಪಕ್ಕದ ಕಿಟಕಿಯಲ್ಲಿರುತ್ತಿತ್ತು. ಆಟದ ಗಂಧಗಾಳಿಯೂ ಅವಳಿಗೆ ಗೊತ್ತಿರಲಿಲ್ಲ. ಆದರೆ ಅವನ ಉಸಿರಿನಲ್ಲೇ ತಂಡ ಗೆಲ್ಲುತ್ತಿದೆಯೋ ಸೋಲುತ್ತಿದೆಯೋ ಹೇಳಬಲ್ಲವಳಾಗಿದ್ದಳು. ಸಂಜೆ ಅವನು ಚಪ್ಪಲಿ ಬಿಡುತ್ತಲೇ ಕೇಳುವ ಮಾತು ಒಂದೇ: "ಹೇಗಿತ್ತೇ?"

"ಆ ಎರಡನೇ ಗೋಲಿಗೆ ಬೆರಳಿಗೆ ಸೂಜಿ ಚುಚ್ಕೊಂಡೆ ನೋಡ್ರಿ."

ಅಷ್ಟು ಸಾಕು. ಊಟಕ್ಕೆ ಕೂತು ಅವನು ಇಡೀ ಆಟವನ್ನು ಮತ್ತೆ ಮೊದಲಿನಿಂದ ಆಡಿಸುತ್ತಿದ್ದ.

ಸಾಹುಕಾರ ತೀರಿಕೊಂಡ, ಮಗ ಬಂದ. ಅಷ್ಟರಲ್ಲಿ ಫೋನುಗಳೂ ಬಂದವು. ದೇಶದೇಶಗಳ ಆಟ ಅಂಗೈಯಲ್ಲೇ ಕಾಣುವಾಗ ಊರಿನ ತಂಡದ ಆಟವನ್ನು ಕಿವಿಯಲ್ಲಿ ನೋಡುವವರು ಯಾರು? ತಂಡವೂ ಸೋತು ಸೋತು ಕೆಳಗಿನ ದರ್ಜೆಗೆ ಇಳಿಯಿತು. ಗೋಲಣ್ಣನನ್ನು ಹೊರ ಊರಿಗೆ ಕಳಿಸುವುದು ನಿಂತಿತು. ಕೇಳುಗರು ಫೋನು ಮಾಡಿ ಜಗಳವಾಡುತ್ತಿದ್ದ ಕಾರ್ಯಕ್ರಮದಲ್ಲಿ ಗೋಲಣ್ಣನೇ ಪ್ರಶ್ನೆ ಕೇಳಿ ತಾನೇ ಉತ್ತರ ಹೇಳತೊಡಗಿದ.

ಒಂದು ಮಧ್ಯಾಹ್ನ ಕಿಟಕಿಯ ರೇಡಿಯೋದಲ್ಲಿ ಬರೀ ಬುಸ್ ಎನ್ನುವ ಸದ್ದು. ಮರುದಿನವೂ ಅದೇ. ಹೆಂಡತಿ ಅದನ್ನು ಸೆರಗಿನಲ್ಲಿ ಸುತ್ತಿಕೊಂಡು ರಿಪೇರಿ ಅಂಗಡಿಗೆ ಹೋದಳು.

"ಅಮ್ಮಾ, ರೇಡಿಯೋಗೇನೂ ಆಗಿಲ್ಲ" ಎಂದ ಅಂಗಡಿಯವನು. "ಬೇರೆ ಎಲ್ಲಾ ಬರ್ತಿದೆ. ನೀವು ಹೇಳೋ ಸ್ಟೇಷನ್ನೇ ಇಲ್ಲ."

ಅವಳು ಅಲ್ಲಿಂದಲೇ ತಂತಿಗೆ ಫೋನು ಮಾಡಿದಳು.

"ಅತ್ತಿಗೆ, ದನಿ ಹೊರಗೆ ಕಳ್ಸೋ ಮೇಲಿನ ಮೆಷಿನ್ನು ಸುಟ್ಟುಹೋಗಿದೆ. ಹೊಸದು ತರಲ್ಲ ಅಂತಾನೆ ಸಾಹುಕಾರರ ಮಗ. ಸ್ಟೇಷನ್ ಮುಚ್ಚೋವರೆಗೂ ಅಣ್ಣಂಗೆ ಹೇಳ್ಬೇಡ ಅಂದ."

"ಮತ್ತೆ ಅವರು ದಿನಾ ಮಾತಾಡ್ತಿರೋದು?"

"ಕೋಣೆ ದಾಟಿ ಹೋಗ್ತಿಲ್ಲ. ಹೆಡ್‌ಫೋನಲ್ಲಿ ಅವರಿಗೆ ಅವರ ದನಿ ಕೇಳ್ಸುತ್ತೆ, ಅಷ್ಟೇ. ನನ್ ಕೈಲಿ ಹೇಳೋಕಾಗ್ಲಿಲ್ಲ ಅತ್ತಿಗೆ. ನೀವೇ ಹೇಳಿ."

ದಾರಿಯುದ್ದಕ್ಕೂ ಅವಳು ಮಾತು ಹೊಂದಿಸಿಕೊಂಡು ಬಂದಳು. ಸಂಜೆ ಅವನು ಬಾಗಿಲಲ್ಲೇ, "ಹೇಗಿತ್ತೇ? ಇವತ್ತು ಗಂಟಲು ಚೆನ್ನಾಗಿ ಕೂತಿತ್ತು" ಎಂದ. ಹೊಂದಿಸಿದ್ದೆಲ್ಲ ಎಲ್ಲಿ ಹೋಯಿತೋ. "ಚೆನ್ನಾಗಿತ್ತು ರೀ" ಎಂದುಬಿಟ್ಟಳು.

ಒಂದು ಸುಳ್ಳಿನ ಹಿಂದೆ ಹತ್ತು ಬಂದವು. ಅವನು ಮನೆ ಮುಟ್ಟುವ ಮೊದಲೇ ತಂತಿಗೆ ಫೋನು ಮಾಡಿ, ಯಾರು ಗೆದ್ದರು, ಎಷ್ಟು ಗೋಲು ಎಂದು ಕೇಳಿಟ್ಟುಕೊಳ್ಳುವಳು. ಹರಿದ ಜೇಬನ್ನು ಕಾಣದ ಹಾಗೆ ಹೊಲಿಯುವವಳಿಗೆ ಇದೇನೂ ಕಷ್ಟವಾಗಲಿಲ್ಲ. ಕಷ್ಟವಾಗದ್ದೇ ಅವಳಿಗೆ ಹೆದರಿಕೆ ಹುಟ್ಟಿಸಿತು. ನಾಳೆ ಹೇಳೋಣ, ಈ ಆಟ ಮುಗಿಯಲಿ ಎಂದುಕೊಳ್ಳುತ್ತಾ ವಾರಗಳು ಹೋದವು.

ಒಂದು ಭಾನುವಾರ ಆಟವಿತ್ತು. ತಂತಿ ಫೋನು ಎತ್ತಲಿಲ್ಲ. ಗೋಲಣ್ಣ ಎಂದಿಗಿಂತ ತಡವಾಗಿ ಬಂದ. ಗಡ್ಡ ಅರ್ಧ ಬೋಳಿಸಿಕೊಂಡಿದ್ದ, ಒಂದು ಕೆನ್ನೆಯ ಮೇಲೆ ನೊರೆ ಒಣಗಿತ್ತು. ಅವಳು ಏನೆಂದು ಕೇಳುವ ಮೊದಲೇ ಅವನು ಎಂದಿನಂತೆ ಕೇಳಿದ:

"ಹೇಗಿತ್ತೇ?"

"ಚೆನ್ನಾಗಿತ್ತು."

"ಮೂರನೇ ಗೋಲು?"

"ಅಯ್ಯೋ, ಅದಕ್ಕಂತೂ ನಾನು ಮೆಷಿನ್ ನಿಲ್ಸಿ ಎದ್ದೇ ಬಿಟ್ಟೆ ರೀ."

ಅವನು ಗೋಡೆಗೆ ಕೈ ಊರಿಕೊಂಡು ಚಪ್ಪಲಿ ಬಿಟ್ಟ.

"ಒಂದು ಗೋಲೂ ಆಗ್ಲಿಲ್ಲ ಕಣೇ. ಆ ಕಡೆ ತಂಡ ಬರ್ಲೇ ಇಲ್ಲ. ಆಟಾನೇ ನಡೀಲಿಲ್ಲ."

ಅವಳ ಕಣ್ಣು ಕಿಟಕಿಯ ರೇಡಿಯೋ ಕಡೆಗೆ ಹೋಯಿತು.

"ಕ್ಷೌರದಂಗಡಿಗೆ ಹೋಗಿದ್ದೆ. 'ಅಣ್ಣಾ, ಯಾಕೆ ಇಷ್ಟು ದಿನದಿಂದ ದನಿ ಇಲ್ಲ, ಹುಷಾರಿಲ್ವಾ?' ಅಂದ. ನಾನು ಅವನ ರೇಡಿಯೋ ಕೆಟ್ಟಿದೆ ಅಂತ ಜಗಳ ಆಡ್ದೆ. ನಮ್ಮನೇಲಿ ದಿನಾ ಕೇಳ್ತಾರೆ ಅಂತ ನಿನ್ ಮೇಲೆ ಆಣೆ ಇಟ್ಟು ಬಂದೆ."

"ನಿಮಗೆ ನೋವಾಗ್ಬಾರದು ಅಂತ..."

"ಗೊತ್ತು" ಎಂದ. ಕೂಗಾಡಿದ್ದರೆ ಅವಳಿಗೆ ಸಮಾಧಾನವಾಗುತ್ತಿತ್ತೇನೋ. ಅವನು ಕನ್ನಡಿಯ ಮುಂದೆ ನಿಂತು ಉಳಿದರ್ಧ ಗಡ್ಡವನ್ನು ತಾನೇ ಬೋಳಿಸಿಕೊಂಡ.

ತಿಂಗಳು ತುಂಬುವ ಮೊದಲೇ ಸ್ಟೇಷನ್ ಮುಚ್ಚಿತು. ಕಂಬವನ್ನು ಗುಜರಿಯವರು ತುಂಡು ಮಾಡಿ ಒಯ್ದರು. ಗೋಡೆಯ ಹಾಸಿಗೆಗಳನ್ನು ಯಾರೂ ಕೇಳಲಿಲ್ಲ. ಬೀದಿಯಲ್ಲಿ ಬಿಸಾಡಿದರು, ನಾಯಿಗಳು ಮಲಗಿದವು. ಗೋಲಣ್ಣ ಬಸ್ ನಿಲ್ದಾಣಕ್ಕೆ ಹೋಗಿ ಕೇಳಿಬಂದ. ಅಲ್ಲಿ ಯಾವುದೋ ಹೆಣ್ಣಿನ ದನಿಯನ್ನು ಮೊದಲೇ ರೆಕಾರ್ಡ್ ಮಾಡಿಟ್ಟಿದ್ದರು. ಕೊನೆಗೆ ಸಾಹುಕಾರನ ಮಗನೇ ಕೆಳಗಿನ ಅಂಗಡಿಯಲ್ಲಿ ಬೂಟು ತೋರಿಸುವ ಕೆಲಸ ಕೊಟ್ಟ. ಅಳತೆ ಕೇಳಬೇಕು, ಡಬ್ಬ ತೆಗೆಯಬೇಕು. ಮಾತು ಹೆಚ್ಚು ಬೇಕಾಗಿರಲಿಲ್ಲ.

ಮನೆಯಲ್ಲೂ ಹಾಗೇ ಆಯಿತು. ಉಪ್ಪು ಕೊಡು, ದೀಪ ಆರಿಸು, ಅಷ್ಟೇ. ಅವಳು ರೇಡಿಯೋವನ್ನು ಅಟ್ಟಕ್ಕೆ ಹಾಕಿದಳು. ಮೆಷಿನ್ನಿನ ಸದ್ದೊಂದೇ ಇದ್ದಾಗ ಮನೆ ಇಷ್ಟು ದೊಡ್ಡದೇ ಎನಿಸುತ್ತಿತ್ತು. ಒಂದು ದಿನ ಊಟದ ಹೊತ್ತಿನಲ್ಲಿ ತಡೆಯಲಾರದೆ ಹೇಳಿದಳು: "ರೀ, ಯಾವುದಾದ್ರೂ ಒಂದು ಹಳೇ ಆಟ ಹೇಳಿ. ನಾನು ಕೇಳ್ತೀನಿ."

ಅವನು ತಟ್ಟೆಯಿಂದ ತಲೆ ಎತ್ತಲಿಲ್ಲ. ದನಿಯಲ್ಲಿ ಸಿಟ್ಟೂ ಇರಲಿಲ್ಲ.

"ನೀನು, ನಾನು ಹೇಳ್ದಿದ್ರೂ ಕೇಳ್ತೀಯ ಬಿಡು."

ಅವಳು ಎದ್ದು ನೀರು ತಂದಿಟ್ಟಳು. ಅವನು ಕುಡಿದು, ತಟ್ಟೆ ತೊಳೆದಿಟ್ಟು, ಗೋಡೆಯ ಕಡೆಗೆ ಮುಖಮಾಡಿ ಮಲಗಿದ.